ಮಾಗಿಯ ಚಳಿಯಲ್ಲಿ ಬಯಲುಸೀಮೆಯ ಕಾಡು: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರಿಗೆ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಬಂಡೀಪುರ, ಕಬಿನಿಯ ಮಾತು ಏಳುತ್ತದೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ಎರಡು ದಿನದ ಖರ್ಚು, ಸಫಾರಿ ಟಿಕೆಟ್ಟಿಗಾಗಿ ಪರದಾಟ. ನಮ್ಮದೇ ಜಗಳೂರು ತಾಲ್ಲೂಕಿನಲ್ಲಿ ಒಂದು ವನ್ಯಜೀವಿಧಾಮ, ಚಿತ್ರದುರ್ಗ ನಗರದ ಬೆನ್ನಿಗೇ ಇನ್ನೊಂದು ಇದೆ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಒಮ್ಮೆ ಹೋಗಿ ‘ಅಲ್ಲಿ ಏನೂ ಇಲ್ಲ, ಬರೀ ಕುರುಚಲು’ ಎಂದು ಮರಳುತ್ತಾರೆ. ಏನೂ ಇಲ್ಲ ಎನ್ನುವವರು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದವರು.

ಬಯಲುಸೀಮೆಯ ಒಣಕಾಡು ಮಲೆನಾಡಿನ ಕಾಡಿನಂತೆ ಜೀಪಿನಲ್ಲಿ ಕೂರಿಸಿಕೊಂಡು ಆನೆ, ಹುಲಿ ತೋರಿಸುವುದಿಲ್ಲ. ಇಲ್ಲಿ ಯಾವ ಪ್ರಾಣಿ ನೋಡಬೇಕು, ಯಾವ ತಿಂಗಳು, ಯಾವ ಹೊತ್ತು ಎಂಬುದನ್ನು ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೊರಡಬೇಕು.

ಮೊದಲು ಪ್ರಾಣಿ, ಆಮೇಲೆ ಜಾಗ

ನಕ್ಷೆ ಹಿಡಿದು ಹತ್ತಿರದ ಜಾಗ ಹುಡುಕುವುದಕ್ಕಿಂತ, ಏನು ನೋಡಬೇಕೆಂದು ಮೊದಲು ನಿರ್ಧರಿಸಿ.

ಕೊಂಡುಕುರಿ ಎಂಬ ಪುಟ್ಟ ಹುಲ್ಲೆಯನ್ನು ನೋಡುವ ಆಸೆಯಿದ್ದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ. 2011ರಲ್ಲಿ ಈ ಪ್ರಾಣಿಗಾಗಿಯೇ ವನ್ಯಜೀವಿಧಾಮವೆಂದು ಘೋಷಣೆಯಾದ ಸುಮಾರು 77 ಚದರ ಕಿಲೋಮೀಟರ್ ಕುರುಚಲು ಕಾಡು ಅದು. ಕೊಂಡುಕುರಿ ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಗಂಡಿಗೆ ಮಾತ್ರ ಕೊಂಬು, ಅದೂ ನಾಲ್ಕು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಗಿಡ್ಡನೆಯ ಇನ್ನೊಂದು ಜೊತೆ. ದಕ್ಷಿಣದ ಕೊಂಡುಕುರಿಗಳಲ್ಲಿ ಮುಂದಿನ ಜೊತೆ ಬರೀ ಗುಬುಟಿನಂತೆ ಇರುವುದೂ ಉಂಟು. ಆದ್ದರಿಂದ ಎರಡೇ ಕೊಂಬು ಕಂಡಿತೆಂದು ಬೇರೆ ಪ್ರಾಣಿ ಎಂದುಕೊಳ್ಳಬೇಡಿ.

ಕರಡಿ, ಚಿರತೆಯ ಗುಡ್ಡ ಬೇಕೆಂದರೆ ಚಿತ್ರದುರ್ಗದ ಜೋಗಿಮಟ್ಟಿ. ಸುಮಾರು 100 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ಪ್ರಾಣಿ ಕಾಣದಿದ್ದರೂ ಮೇಲಿನ ಗಾಳಿ, ಕಣಿವೆಯ ಮಂಜು, ಸುತ್ತಲಿನ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಸಾಲು ಹೋದದ್ದಕ್ಕೆ ಮೋಸ ಮಾಡುವುದಿಲ್ಲ.

ಕರಡಿಯನ್ನು ಕಣ್ಣಾರೆ ನೋಡಲೇಬೇಕೆಂಬ ಹಟವಿದ್ದರೆ ಜೋಗಿಮಟ್ಟಿಯನ್ನು ನೆಚ್ಚಿಕೊಳ್ಳಬೇಡಿ, ಹೊಸಪೇಟೆ ಕಡೆಯ ದರೋಜಿಗೆ ಹೋಗಿ. 1994ರಲ್ಲಿ ಕರಡಿಗಳಿಗಾಗಿ ರೂಪುಗೊಂಡ ಧಾಮ ಅದು. ಮಧ್ಯಾಹ್ನದ ನಂತರ ವೀಕ್ಷಣಾ ಗೋಪುರದಲ್ಲಿ ಕುಳಿತರೆ ಎದುರಿನ ಬಂಡೆಗುಡ್ಡದಿಂದ ಕರಡಿಗಳು ಇಳಿದು ಬರುವುದನ್ನು ನೋಡಬಹುದು. ಕೃಷ್ಣಮೃಗಕ್ಕೆ ರಾಣೆಬೆನ್ನೂರು, 1974ರಿಂದ ಅಭಯಾರಣ್ಯ, ದಾವಣಗೆರೆಯಿಂದ ಹರಿಹರ ದಾಟಿದರೆ ಬೆಳಗಿನ ತಿಂಡಿಯ ಹೊತ್ತಿಗೆ ತಲುಪುವ ದೂರ. ಹುಲಿಕಾಡು ಎಂಬ ಹೆಸರಿನ ಕಾಡೇ ಬೇಕಿದ್ದರೆ ಭದ್ರಾ. ಲಕ್ಕವಳ್ಳಿ ಕಡೆಯಿಂದ ಸಫಾರಿ ಇದೆ. ಅಲ್ಲಿಯೂ ಹುಲಿ ಕಾಣುವುದು ಯೋಗಾಯೋಗ. ಹಿನ್ನೀರಿನ ದಂಡೆಗೆ ಬರುವ ಆನೆ, ಜಿಂಕೆಗಳನ್ನು ನೆನೆದು ಹೋದರೆ ಮನಸ್ಸು ಮುರಿಯುವುದಿಲ್ಲ.

ಒಂದು ಎಚ್ಚರಿಕೆ. ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ, ಗುಡವಿ ಪಕ್ಷಿಧಾಮಗಳ ಹೆಸರು ಕೇಳಿ ಚಳಿಗಾಲದಲ್ಲಿ ಹೊರಡುವವರಿದ್ದಾರೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕಾಗುತ್ತದೆ.

ಯಾವ ತಿಂಗಳು

ಚಳಿಗಾಲವೆಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವಂತಿಲ್ಲ. ನವೆಂಬರಿನಲ್ಲಿ ಹಿಂಗಾರು ಮಳೆಯ ಹಸಿರು ಇನ್ನೂ ಆರಿರುವುದಿಲ್ಲ. ಹುಲ್ಲು ಸೊಂಟದೆತ್ತರ ಇರುತ್ತದೆ, ಕೊಂಡುಕುರಿ ಹತ್ತು ಮಾರು ದೂರದಲ್ಲಿ ಮಲಗಿದ್ದರೂ ಕಾಣುವುದಿಲ್ಲ. ಫೋಟೊಗೆ ಚೆಂದ, ಪ್ರಾಣಿ ನೋಡುವುದಕ್ಕಲ್ಲ. ಡಿಸೆಂಬರ್ ನಡುವಿನಿಂದ ಹುಲ್ಲು ಒಣಗಿ ಬಾಗುತ್ತದೆ, ಹಳ್ಳಗಳಲ್ಲಿ ಹರಿವು ನಿಂತು ಅಲ್ಲಲ್ಲಿ ಗುಂಡಿಗಳಲ್ಲಷ್ಟೇ ನೀರು ಉಳಿಯುತ್ತದೆ. ಜನವರಿಯ ಕೊನೆಗೆ ಎಲೆ ಉದುರಲು ಹಿಡಿದರೆ ದೂರದವರೆಗೂ ಕಣ್ಣು ಓಡುತ್ತದೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳಿಗೇ ನನ್ನ ಓಟು. ಆದರೆ ಫೆಬ್ರುವರಿ ಬಂತೆಂದರೆ ಕಾಡ್ಗಿಚ್ಚಿನ ಕಾಲವೂ ಬಂತು. ಇಲಾಖೆಯವರು ಬೆಂಕಿ ಭಯದಿಂದ ಕೆಲವು ದಾರಿಗಳನ್ನು ಮುಚ್ಚಬಹುದು. ಕೇಳಿಕೊಂಡೇ ಹೊರಡಿ.

ವಲಸೆ ಹಕ್ಕಿಗಳ ಲೆಕ್ಕ ಬೇರೆ. ಅವು ನವೆಂಬರಿನಿಂದಲೇ ಇರುತ್ತವೆ, ಮಾರ್ಚ್ ಹೊತ್ತಿಗೆ ತಿರುಗಿ ಹೊರಡುತ್ತವೆ.

ಅನುಮತಿ

ಹೆಚ್ಚಿನವರು ಎಡವುವುದು ಇಲ್ಲಿ. ವನ್ಯಜೀವಿಧಾಮ ಎಂದರೆ ಊರ ಗುಡ್ಡವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಹೊರಗಿನವರು ಒಳಗೆ ಹೋಗುವಂತಿಲ್ಲ. ಪ್ರವಾಸ, ಛಾಯಾಗ್ರಹಣ, ಅಧ್ಯಯನಕ್ಕೆ ಅನುಮತಿ ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ‘ಗೇಟಿನ ಹತ್ತಿರ ಯಾರೂ ಇರಲಿಲ್ಲ, ಹೋಗಿಬಿಟ್ಟೆವು’ ಎಂಬುದು ಸಮಜಾಯಿಷಿ ಆಗುವುದಿಲ್ಲ.

ಹೊರಡುವ ಒಂದು ವಾರ ಮೊದಲು ಆಯಾ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಫೋನು ಮಾಡಿ, ಸಾಧ್ಯವಿದ್ದರೆ ಖುದ್ದಾಗಿ ಹೋಗಿ. ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದುಕೊಳ್ಳಿ: ಬರುವವರ ಹೆಸರು, ದಿನಾಂಕ, ವಾಹನದ ಸಂಖ್ಯೆ, ಉದ್ದೇಶ. ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ. ಕೇಳಬೇಕಾದ ಪ್ರಶ್ನೆಗಳನ್ನು ಮರೆಯದೆ ಕೇಳಿ: ಗೇಟು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಹೊರಬರಬೇಕು, ಬೈಕು ಬಿಡುತ್ತಾರೆಯೇ, ವಾಹನ ಎಲ್ಲಿಯವರೆಗೆ, ನಡೆಯಲು ಯಾವ ದಾರಿ, ಜೊತೆಗೆ ಸಿಬ್ಬಂದಿ ಬರುತ್ತಾರೆಯೇ, ಶುಲ್ಕ ಎಷ್ಟು. ಈ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಕಳೆದ ವರ್ಷ ಹೋಗಿ ಬಂದ ಗೆಳೆಯನ ಮಾತು ನಂಬಿ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ಗೇಟಿನಿಂದ ಹಿಂತಿರುಗಬೇಡಿ.

ಡ್ರೋನ್ ಮನೆಯಲ್ಲೇ ಇರಲಿ. ಅದರ ಸದ್ದಿಗೆ ಹದ್ದು, ಗಿಡುಗಗಳು ಗೂಡು ಬಿಟ್ಟು ಏಳುತ್ತವೆ; ಅನುಮತಿಯಿಲ್ಲದೆ ಹಾರಿಸುವುದು ಹೇಗೂ ತಪ್ಪು.

ಕಾಡಿನ ಕಾವಲುಗಾರರು ಜೊತೆಗೆ ಬಂದರೆ ಅದನ್ನು ಕಾವಲು ಎಂದುಕೊಳ್ಳದೆ ಪಾಠ ಎಂದುಕೊಳ್ಳಿ. ‘ಅಣ್ಣಾ, ಚಿರತೆ ಎಲ್ಲಿದೆ?’ ಎಂದು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ‘ಅಣ್ಣಾ, ಈಗ ನೀರು ಎಲ್ಲಿ ಉಳಿದಿದೆ?’ ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಇಡೀ ಬೆಳಗಿನ ದಾರಿ ಇರುತ್ತದೆ. ಕಾಡಂಚಿನಲ್ಲಿ ಕುರಿ ಮೇಯಿಸುವ ಹಿರಿಯರಿಗೂ ‘ಯಜಮಾನರೇ’ ಎಂದು ಇದನ್ನೇ ಕೇಳಬಹುದು. ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ.

ಹೊರಡುವ ಹೊತ್ತು, ಉಡುವುದು, ಒಯ್ಯುವುದು

ಜನವರಿಯಲ್ಲಿ ನಮ್ಮ ಕಡೆ ಹೊತ್ತು ಮೂಡುವುದು ಆರೂಮುಕ್ಕಾಲರ ನಂತರ. ಗೇಟಿನ ಸಮಯ ಒಪ್ಪಿದರೆ ಅಷ್ಟು ಹೊತ್ತಿಗೆ ನೀವು ಅಲ್ಲಿರಬೇಕು. ಏಳರಿಂದ ಒಂಬತ್ತೂವರೆಯ ನಡುವೆ ಪ್ರಾಣಿಗಳು ಓಡಾಡುತ್ತವೆ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ. ನಡುವಿನದು ಬಂಡೆ ಕಾಯುವ ಹೊತ್ತು. ಜಗಳೂರು ದಾವಣಗೆರೆಯಿಂದ ಸುಮಾರು 45 ಕಿಲೋಮೀಟರ್; ಮೊದಲ ಬಸ್ಸನ್ನು ನೆಚ್ಚಿಕೊಂಡರೆ ಬೆಳಗು ಕೈತಪ್ಪುತ್ತದೆ, ಸ್ವಂತ ಅಥವಾ ಬಾಡಿಗೆ ವಾಹನವೇ ಲೇಸು. ಜೋಗಿಮಟ್ಟಿಗೆ ಆ ಕಷ್ಟವಿಲ್ಲ. ಹಿಂದಿನ ರಾತ್ರಿ ಚಿತ್ರದುರ್ಗದಲ್ಲಿ ತಂಗಿದರೆ ಬೆಟ್ಟದ ಬುಡ ಅಲ್ಲೇ.

ಮುಂಜಾನೆ ಸ್ವೆಟರ್ ಇಲ್ಲದೆ ಆಗುವುದಿಲ್ಲ, ಹತ್ತು ಗಂಟೆಗೆ ಸ್ವೆಟರ್ ಇಟ್ಟುಕೊಂಡು ಆಗುವುದಿಲ್ಲ. ಒಂದರ ಮೇಲೊಂದು ತೆಳು ಬಟ್ಟೆ ತೊಟ್ಟು ಒಂದೊಂದೇ ಕಳಚುತ್ತಾ ಹೋಗುವುದು ಸುಲಭ. ಬಣ್ಣ ಮಣ್ಣಿನದೋ ಒಣಹುಲ್ಲಿನದೋ ಇರಲಿ. ಬಿಳಿ ಅಂಗಿ ಕಾಡಿನಲ್ಲಿ ಅರ್ಧ ಮೈಲಿಯಿಂದ ಕಾಣುತ್ತದೆ. ಸುಗಂಧ ಬೇಡ. ಕಾಲಿಗೆ ಚಪ್ಪಲಿ ಬೇಡವೇ ಬೇಡ. ಕಾರೆ, ಜಾಲಿ ಮುಳ್ಳು ತೆಳುವಾದ ಅಟ್ಟೆಯನ್ನು ತೂರಿಕೊಂಡು ಬರುತ್ತದೆ.

ದುರ್ಬೀನು ಕೊಳ್ಳುವವರು 8x42 ಎಂದು ಬರೆದಿರುವುದನ್ನು ಕೊಳ್ಳಿ. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲವಿರುವುದರಿಂದ ಮಬ್ಬು ಬೆಳಕಿನಲ್ಲೂ ಸ್ಪಷ್ಟ. ಹನ್ನೆರಡು, ಹದಿನಾರು ಪಟ್ಟಿನ ಆಸೆ ಬೀಳಬೇಡಿ, ಕೈ ನಡುಗಿದಷ್ಟೂ ಚಿತ್ರ ಕುಣಿಯುತ್ತದೆ.

ಬುತ್ತಿ ಸರಳವಾಗಿರಲಿ: ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು, ತಲೆಗೆ ಎರಡು ಲೀಟರ್ ನೀರು. ಮಂಡಕ್ಕಿ, ಮಿರ್ಚಿಯನ್ನು ದಾವಣಗೆರೆಗೆ ಮರಳಿ ಬಂದು ತಿನ್ನಿ. ಪೊಟ್ಟಣದ ಸದ್ದು, ಎಣ್ಣೆಯ ವಾಸನೆ ಎರಡೂ ಕಾಡಿಗೆ ಆಗದು. ಸಿಪ್ಪೆಯನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ಬಾಳೆಸಿಪ್ಪೆ ಕೊಳೆಯುತ್ತದೆ ನಿಜ, ಆದರೆ ಅಷ್ಟರೊಳಗೆ ಕೋತಿಗೆ ಮನುಷ್ಯರ ರುಚಿ ಹತ್ತಿರುತ್ತದೆ.

ಒಳಗೆ ಹೋದ ಮೇಲೆ

ನಡೆಯುವುದು ಕಡಿಮೆ, ಕೂರುವುದು ಹೆಚ್ಚು. ಗಾಳಿ ಎತ್ತ ಬೀಸುತ್ತಿದೆ ಎಂದು ಚಿಟಿಕೆ ಮಣ್ಣು ಉದುರಿಸಿ ನೋಡಿ. ಗಾಳಿ ನಿಮ್ಮ ಮುಖಕ್ಕೆ ಬಡಿಯುವಂತೆ ಕುಳಿತರೆ ನಿಮ್ಮ ವಾಸನೆ ಪ್ರಾಣಿಗೆ ಮುಟ್ಟುವುದಿಲ್ಲ. ನೀರಿನ ಗುಂಡಿಯ ಮಗ್ಗುಲಲ್ಲೇ ಕೂರಬೇಡಿ. ಪ್ರಾಣಿ ನೀರಿಗೆ ಬರುವ ದಾರಿಗೆ ಅಡ್ಡವಾಗದಂತೆ ದೂರದ ನೆರಳಿನಲ್ಲಿ ಕುಳಿತುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ನಿಮ್ಮನ್ನು ಕಂಡು ಬಾಯಿ ಮುಚ್ಚಿಕೊಂಡಿದ್ದ ಹಕ್ಕಿಗಳು ಒಂದೊಂದಾಗಿ ಮಾತಿಗೆ ಶುರುಮಾಡುತ್ತವೆ.

ಕೊಂಡುಕುರಿ ಹಿಂಡು ಕಟ್ಟುವ ಪ್ರಾಣಿಯಲ್ಲ. ಒಂದೇ, ಹೆಚ್ಚೆಂದರೆ ಎರಡು. ಮೇಕೆಗಿಂತ ಬಹಳ ದೊಡ್ಡದೂ ಅಲ್ಲ, ತೂಕ ಇಪ್ಪತ್ತು ಕಿಲೋದ ಆಸುಪಾಸು. ದಿನವೂ ನೀರು ಕುಡಿಯುವ ಅಭ್ಯಾಸ ಇರುವುದರಿಂದ ನೀರಿನಿಂದ ಬಹುದೂರ ಹೋಗುವುದಿಲ್ಲ. ಅಪಾಯದ ಸುಳಿವು ಸಿಕ್ಕರೆ ಮೊದಲು ಹುಲ್ಲಿನಲ್ಲಿ ಅಲ್ಲಾಡದೆ ನಿಲ್ಲುತ್ತದೆ, ತೀರಾ ಹತ್ತಿರವಾದಾಗ ತಟ್ಟನೆ ಕಾಲ್ಕೀಳುತ್ತದೆ. ಎಷ್ಟೋ ಜನ ಅದರ ಬೆನ್ನನ್ನಷ್ಟೇ ನೋಡಿರುವುದು ಇದರಿಂದಲೇ.

ಅದು ಸಿಗದಿದ್ದರೂ ಅದರ ಗುರುತು ಸಿಗುತ್ತದೆ. ಕೊಂಡುಕುರಿ ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಕುರುಚಲಿನ ನಡುವಿನ ಬಯಲು ತುಂಡಿನಲ್ಲಿ ಹಿಕ್ಕೆಯ ಗುಡ್ಡೆ ಕಂಡರೆ ಬಗ್ಗಿ ನೋಡಿ. ತಳದಲ್ಲಿ ಬಿಸಿಲಿಗೆ ಬಿಳಿಚಿ ಪುಡಿಯಾಗುತ್ತಿರುವ ಹಳೆಯವು, ಅದರ ಮೇಲೆ ಕಂದು ಬಣ್ಣದವು, ತುದಿಯಲ್ಲಿ ಇನ್ನೂ ಪಸೆ ಆರದೆ ಕಪ್ಪಗೆ ಮಿರುಗುವ ಒಂದು ಹಿಡಿ. ಮೇಲಿನದು ಹಸಿಯಾಗಿದ್ದರೆ ಒಡೆಯ ಹತ್ತಿರದಲ್ಲೇ ಇದ್ದಾನೆ. ಅಲ್ಲಿಂದ ದೂರ ಸರಿದು, ಆ ಗುಡ್ಡೆ ಕಾಣುವಂತೆ ಒಂದು ಮರೆ ಹುಡುಕಿಕೊಳ್ಳಿ.

ಹಾಗೆಯೇ ಒಡೆದ ಹುತ್ತ. ಗೆದ್ದಲಿಗಾಗಿ ಕರಡಿ ಉಗುರಿನಿಂದ ಅಗೆದ ಹುತ್ತದಲ್ಲಿ ಆಳವಾದ ಗೀರುಗಳು ಎದ್ದು ಕಾಣುತ್ತವೆ. ಕರಡಿಗೆ ಮೇಲ್ದವಡೆಯ ಮುಂದಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ರೆಂದು ಹೀರಿಕೊಳ್ಳುತ್ತದೆ. ಆ ಸದ್ದು ಬಹುದೂರ ಕೇಳುತ್ತದೆ. ಚಳಿಗಾಲದಲ್ಲಿ ಎಲಚಿ ಹಣ್ಣಿನ ಗಿಡದ ಸುತ್ತ ಬೀಜ ತುಂಬಿದ ಲದ್ದಿ ಬಿದ್ದಿದ್ದರೆ ಅದರದ್ದೇ ಇರಬಹುದು.

ನವಿಲು ಧಾರಾಳವಾಗಿ ಕಾಣುತ್ತದೆ, ಆದರೆ ಗರಿ ಬಿಚ್ಚಿ ಕುಣಿಯುವುದನ್ನು ನಿರೀಕ್ಷಿಸಬೇಡಿ. ಮಳೆಗಾಲ ಮುಗಿಯುವಾಗ ಉದುರಿದ ಬಾಲದ ಗರಿ ಈಗ ಇನ್ನೂ ಬೆಳೆಯುತ್ತಿರುತ್ತದೆ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಎಲ್ಲವನ್ನೂ ಹೆಣ್ಣೆಂದೇ ಎಣಿಸುತ್ತಾರೆ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯುವ ಚಾಳಿ ಈಚೆಗೆ ಹೆಚ್ಚಾಗಿದೆ. ಅದು ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಗಾಬರಿಯಾಗಿ ಬರುತ್ತದೆಯೇ ಹೊರತು ನಿಮ್ಮ ಮೇಲಿನ ಪ್ರೀತಿಗಲ್ಲ. ಪ್ರಾಣಿಗಳನ್ನು ಕೆಣಕುವುದು, ಧಾಮದೊಳಗೆ ಕಸ ಎಸೆಯುವುದು ಕಾಯ್ದೆಯಲ್ಲಿ ಹೆಸರಿಸಿಯೇ ನಿಷೇಧಿಸಿರುವ ಕೆಲಸಗಳು. ಬೆಂಕಿಯ ಮಾತಂತೂ ಕೇಳುವುದೇ ಬೇಡ. ಬೆಟ್ಟದ ಒಣಹುಲ್ಲಿಗೆ ಒಂದು ಬೀಡಿ ಸಾಕು.

ಕರಡಿ ಎದುರಾದರೆ

ನಮ್ಮ ಭಾಗದಲ್ಲಿ ಅಂಜಬೇಕಾದದ್ದು ಚಿರತೆಗಿಂತ ಕರಡಿಗೆ. ಚಿರತೆ ನಿಮ್ಮನ್ನು ಮೊದಲೇ ಕಂಡು ಸರಿದುಹೋಗುತ್ತದೆ. ಕರಡಿ ನೆಲಕ್ಕೆ ಮೂಗಿಟ್ಟು ತನ್ನ ಪಾಡಿಗೆ ಮೇಯುತ್ತಿರುತ್ತದೆ, ಕಣ್ಣು ಮಂದ, ನೀವು ತೀರಾ ಹತ್ತಿರ ಬರುವವರೆಗೆ ಗೊತ್ತಾಗುವುದಿಲ್ಲ. ಗೊತ್ತಾದಾಗ ಬೆಚ್ಚಿ ಮೈಮೇಲೆ ಬೀಳುತ್ತದೆ. ಮರಿ ಬೆನ್ನ ಮೇಲಿದ್ದರೆ ಇನ್ನೂ ಕಷ್ಟ.

ಆದ್ದರಿಂದ ಮುಂಜಾವದ ಮಬ್ಬಿನಲ್ಲಿ, ಸಂಜೆ ಕತ್ತಲಾಗುವಾಗ ಪೊದೆ ದಟ್ಟವಾದ ಕಡೆ ಒಬ್ಬರೇ ನಡೆಯಬೇಡಿ. ತಿರುವುಗಳಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಾ ನಡೆಯಿರಿ; ಪ್ರಾಣಿ ನೋಡಲು ಮೌನ ಬೇಕು ನಿಜ, ಆದರೆ ಅದು ಕುಳಿತಾಗ, ನಡೆಯುವಾಗಲ್ಲ. ಬಂಡೆಗಳ ಸಂದಿ, ಗವಿಗಳೊಳಗೆ ಇಣುಕುವುದು, ಸೆಲ್ಫಿಗಾಗಿ ಹತ್ತುವುದು ಬೇಡ. ಹಗಲು ಹೊತ್ತು ಕರಡಿ ಮಲಗುವುದು ಅಂಥ ಜಾಗಗಳಲ್ಲೇ. ದೂರದಲ್ಲಿ ಕಂಡರೆ ನಿಂತಲ್ಲೇ ನಿಂತು, ಅದರ ಮೇಲೆ ಕಣ್ಣಿಟ್ಟೇ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಕಾಲಿಗೆ ಬುದ್ಧಿ ಹೇಳಿದರೆ ಗೆಲ್ಲುವುದು ಅದೇ. ಮರ ಹತ್ತುವುದರಲ್ಲೂ ಅದು ನಿಮಗಿಂತ ಜಾಣ.

ಕೆರೆಯ ಹಕ್ಕಿಗಳು

ಕಾಡಿಗೆ ಅನುಮತಿ ಸಿಗದಿದ್ದರೆ, ಅಥವಾ ಮನೆಯ ಹಿರಿಯರು ಜೊತೆಗಿದ್ದರೆ ಕೆರೆಗೆ ಹೋಗಿ. ದಾವಣಗೆರೆಯವರಿಗೆ ಕುಂದುವಾಡ ಕೆರೆ ನಗರದ ಅಂಚಿನಲ್ಲೇ ಇದೆ. ಕೊಂಡಜ್ಜಿ ಕೆರೆಗೆ ಪಕ್ಕದಲ್ಲೇ ಕಾಡು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸಮುದ್ರದಂತೆ ಹರಡಿಕೊಂಡಿದೆ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ದಾರಿಯ ತಿಮ್ಮಣ್ಣನಾಯಕನ ಕೆರೆ, ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ.

ಎಲ್ಲರೂ ಏರಿಯ ಮೇಲೆ ನಿಂತು ‘ಹಕ್ಕಿಯೇ ಇಲ್ಲ’ ಎನ್ನುತ್ತಾರೆ. ಏರಿಯ ಬುಡದಲ್ಲಿ ನೀರು ಆಳ. ಬಾತು, ಕೊಕ್ಕರೆ, ಉಲ್ಲಂಕಿಗಳಿಗೆ ಬೇಕಾದದ್ದು ಮೊಣಕಾಲು ಮುಳುಗದ ನೀರು, ಕೆಸರು. ಅದಿರುವುದು ಕೆರೆಗೆ ಹಳ್ಳ ಬಂದು ಸೇರುವ ಎದುರು ದಂಡೆಯಲ್ಲಿ. ಆ ಕಡೆಗೆ ಹೊಲದ ಬದುವಿನ ಮೇಲೆ ಬಳಸಿಕೊಂಡು ಹೋಗಿ, ಹೊಲದವರನ್ನು ಒಂದು ಮಾತು ಕೇಳಿ. ಬೆಳಿಗ್ಗೆಯಾದರೆ ಸೂರ್ಯ ಬೆನ್ನಿಗಿರುವಂತೆ ಮೂಡಣ ದಂಡೆಯಲ್ಲಿ ನಿಲ್ಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪೇ. ಕೆರೆ ಕೋಡಿ ಬಿದ್ದ ವರ್ಷ ಬಾತುಗಳು ಚದುರಿರುತ್ತವೆ, ನೀರು ಇಳಿದಂತೆ ಗುಂಪಾಗುತ್ತವೆ. ಅಂಥ ವರ್ಷ ಜನವರಿಯವರೆಗೆ ಕಾಯುವುದು ಲಾಭ.

ಒಂದು ಇಡೀ ದಿನ ಹಕ್ಕಿಗೇ ಮೀಸಲಿಡುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಬಹುದು. ಹಳೆಯ ಕೆರೆಯೊಳಗಿನ ಕರಿಜಾಲಿ ಮರಗಳಲ್ಲಿ ಹಕ್ಕಿಗಳು ತುಂಬಿಕೊಂಡಿರುವ ಈ ಸಂರಕ್ಷಿತ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ದಾರಿಯಲ್ಲಿ ಜೋಳದ ಹೊಲಗಳ ಮೇಲೂ ಕಣ್ಣಿರಲಿ. ತೆನೆ ಹಾಲುಗಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಮುಗಿಬೀಳುತ್ತದೆ. ನೂರಾರು ಹಕ್ಕಿ ಒಟ್ಟಿಗೆ ಎದ್ದು, ತಿರುಗಿ, ಮತ್ತೆ ಅದೇ ಸಾಲಿಗೆ ಇಳಿಯುತ್ತವೆ. ನೋಡಲು ಸೊಗಸು, ತಗಡು ಬಡಿಯುತ್ತಾ ಓಡುವ ರೈತನ ಎದುರು ಅದನ್ನು ಹೊಗಳದಿದ್ದರೆ ಒಳ್ಳೆಯದು.

ಚಿಕ್ಕ ಮಕ್ಕಳಿದ್ದರೆ

ಐದಾರು ವರ್ಷದ ಮಗುವನ್ನು ಕುರುಚಲಿನಲ್ಲಿ ಒಂದು ಗಂಟೆ ಸುಮ್ಮನೆ ಕೂರಿಸುವುದು ಆಗದ ಮಾತು. ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಬುಡದ ಆಡುಮಲ್ಲೇಶ್ವರ ಕಿರು ಮೃಗಾಲಯ, ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಮೃಗಾಲಯ ಅಂಥವರಿಗೆ ಸರಿ. ಇನ್ನೂ ಸ್ವಲ್ಪ ದೂರವೆಂದರೆ ಶಿವಮೊಗ್ಗದ ತ್ಯಾವರೆಕೊಪ್ಪದ ಹುಲಿ, ಸಿಂಹಧಾಮ. ಶಿವಮೊಗ್ಗಕ್ಕೆ ಬೆಳಿಗ್ಗೆ ಬೇಗ ಹೋದರೆ ಹತ್ತಿರದ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳ ಸ್ನಾನ. ರಾಜ್ಯದ ಮೃಗಾಲಯಗಳಿಗೆ ಸಾಮಾನ್ಯವಾಗಿ ಮಂಗಳವಾರ ರಜೆ, ಆ ದಿನ ಬಿಟ್ಟು ಹೊರಡಿ. ಚಳಿಯ ಬೆಳಗಿನಲ್ಲಿ ಪ್ರಾಣಿಗಳು ಬಿಸಿಲು ಕಾಯಲು ಹೊರಗೆ ಬಂದಿರುತ್ತವೆ. ಮಧ್ಯಾಹ್ನ ಊಟ ಮುಗಿಸಿ ಹೋದವರಿಗೆ ಮಲಗಿದ ಬೆನ್ನುಗಳೇ ಗತಿ.

ಮರಳುವಾಗ, ಮರಳಿದ ಮೇಲೆ

ಕತ್ತಲಾದ ಮೇಲೆ ಜಗಳೂರು, ಹೊಳಲ್ಕೆರೆ ಕಡೆಯ ರಸ್ತೆಗಳಲ್ಲಿ ನಿಧಾನವಾಗಿ ಬನ್ನಿ. ನರಿ, ಮೊಲ, ಕಾಡುಬೆಕ್ಕು ಬೆಳಕಿಗೆ ಕಂಗೆಟ್ಟು ಚಕ್ರಕ್ಕೆ ಸಿಗುತ್ತವೆ. ಗಾಯಗೊಂಡ ಪ್ರಾಣಿ ಕಂಡರೆ ಎತ್ತಿಕೊಳ್ಳಲು ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಊರು ಮತ್ತು ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ.

ಭದ್ರಾ ಅಥವಾ ಶಿವಮೊಗ್ಗದ ಮಲೆನಾಡಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುತ್ತದೆ, ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆ ಕಡೆಯ ಕಾಡಿನಲ್ಲಿ ತುಂಬುತೋಳಿನ ಅಂಗಿ ತೊಡಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣ್ಣೆ ಓಡಿಸುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಮುಂದಿನ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಬಳಿ ಹೋಗಿ, ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನೇ ಮೊದಲು ಹೇಳಿ.